ಎಲೀಯನ ಕುರ್ಚಿ

ಹಬ್ಬಗಳು ತಮ್ಮ ತಮ್ಮ ಪಂಚಾಂಗ ಹಿಡಿದು ನಡೆಯುತ್ತವೆ. ಒಂದು ಚಂದ್ರನ ಬೆನ್ನು ಹತ್ತಿದರೆ ಇನ್ನೊಂದು ಸೂರ್ಯನ ಬೆನ್ನು. ಹಾಗೆ ನಡೆಯುತ್ತ ನಡೆಯುತ್ತ ಯಾವುದೋ ಒಂದು ವರ್ಷ ಎರಡೂ ಒಂದೇ ಮನೆಯ ಮೆಟ್ಟಿಲ ಮೇಲೆ ಎದುರುಬದುರಾಗಿ ನಿಂತುಬಿಡುತ್ತವೆ. ಆ ವರ್ಷ ಬಫೆಲೋ ಊರಿನ ಆವಿವಾಳ ಮನೆಯಲ್ಲಿ ಆದದ್ದೂ ಅದೇ. ಕ್ರಿಸ್ಮಸ್ಸಿನ ಹಿಂದಿನ ಸಂಜೆಯೇ, ಯೆಹೂದಿಗಳು ಎಂಟು ಸಂಜೆ ದೀಪ ಹಚ್ಚುವ ಹನುಕಾದ ಮೊದಲ ದೀಪ.

ಆವಿವಾ ಯೆಹೂದಿ ಮನೆಯ ಮಗಳು. ಗಂಡ ತಾದೆಕ್ ಪೋಲಿಷ್ ಕ್ಯಾಥೊಲಿಕರ ಮನೆಯವನು. ಅವರ ಆರು ವರ್ಷದ ರೂತ್, ಮೂರು ವರ್ಷದ ಆದಮ್, ಯಾರ ಹಬ್ಬ ಎಂದು ಕೇಳಿದರೆ "ನಮ್ದು" ಎನ್ನುವ ಮಕ್ಕಳು. ಡಿಸೆಂಬರ್ ಬಂತೆಂದರೆ ಕಿಟಕಿಯಲ್ಲಿ ಕವಲು ಕವಲಿನ ದೀಪದ ಕಂಬ, ಮೂಲೆಯಲ್ಲಿ ಸಿಂಗರಿಸಿದ ಹಸಿರು ಮರ.

ಆ ಮರವೇ ತೊಡಕು. ಆವಿವಾಳ ಅಪ್ಪ ಮೆಂಡೆಲ್‌ಗೆ ಮೊಮ್ಮಕ್ಕಳೆಂದರೆ ಜೀವ, ಅಳಿಯನ ಮೇಲೂ ಮುನಿಸಿಲ್ಲ. ಆದರೆ ಮಗಳ ಮದುವೆಯಾದಾಗಿನಿಂದ ಡಿಸೆಂಬರಿನಲ್ಲಿ ಅವಳ ಹೊಸ್ತಿಲು ತುಳಿದವರಲ್ಲ. ಅಮ್ಮ ಇರುವ ತನಕ ಅದು ನಡೆಯಿತು. ಮಕ್ಕಳನ್ನು ತವರಿಗೇ ಕರೆದುಕೊಂಡು ಹೋದರಾಯಿತು, ಅಲ್ಲಿ ಅಪ್ಪ ಅಮ್ಮ ಕೂಡಿ ದೀಪ ಹಚ್ಚುತ್ತಿದ್ದರು. ಬೇಸಿಗೆಯಲ್ಲಿ ಅಮ್ಮ ತೀರಿಕೊಂಡಳು. ಮೊದಲ ದೀಪವನ್ನು ಅಪ್ಪ ಒಬ್ಬರೇ ಹಚ್ಚುವಂತೆ ಆಗಬಾರದು. ಆವಿವಾಳ ಮನಸ್ಸಿನಲ್ಲಿದ್ದ ಹಂಬಲ ಅದೊಂದೇ. ಬೆಳಿಗ್ಗೆ ಫೋನು ಮಾಡಿದ್ದಳು.

"ಮರ ಇರೋ ಮನೇಲಿ ನಾನು ದೀಪ ಹಚ್ಚೋದಿಲ್ಲ ಮಗಳೇ."

"ಮರಕ್ಕೆ ಬಟ್ಟೆ ಹೊದಿಸ್ತೀನಿ ಅಪ್ಪಾ."

"ಆಗ ಅದು ಬಟ್ಟೆ ಹೊದ್ದ ಮರ ಆಗುತ್ತೆ. ಲಾಟ್ಕೆಗೆ ನೆಂಚಿಕೊಳ್ಳೋಕೆ ಸೇಬಿನ ಗೊಜ್ಜು ಮಾಡಿದೀನಿ. ನಿಮ್ಮಮ್ಮನ ಹದ ಬಂದಿಲ್ಲ. ಬಾಗಿಲ ಹತ್ರ ಇಟ್ಟು ಹೋಗ್ತೀನಿ. ಒಳಗೆ ಬಾ ಅನ್ನಬೇಡ, ಇಲ್ಲ ಅನ್ನೋಕೆ ನನಗೂ ಕಷ್ಟ" ಎಂದಿದ್ದರು.

ಅಡುಗೆಮನೆಯಲ್ಲಿ ಅತ್ತೆ ಯಾದ್ವಿಗಾರ ರಾಜ್ಯ. ಮಕ್ಕಳ ಬಾಯಲ್ಲಿ ಅವರು ಬಾಬ್ಚಾ. ಕ್ರಿಸ್ಮಸ್ಸಿನ ಹಿಂದಿನ ಆ ಸಂಜೆಯ ಊಟಕ್ಕೆ ಮಾಂಸ ಸಲ್ಲದು, ಮೀನು ಸಲ್ಲುತ್ತದೆ. ಹುರಿದ ಗೆಂಡೆ ಮೀನು, ಆಲೂಗಡ್ಡೆ ತುಂಬಿದ ಕಡುಬು, ಕೆಂಪು ಬೀಟ್‌ರೂಟಿನ ಸಾರು. ಮೇಜಿನ ಹಾಸಿನಡಿ, ದೇವರ ಮಗು ಮಲಗಿದ್ದ ಗೋದಲಿಯ ನೆನಪಿಗೆ, ಒಣಹುಲ್ಲು. ಪ್ರತಿ ತಟ್ಟೆಯ ಕೆಳಗೂ ಮೀನಿನ ಒಂದು ಹುರುಪೆ, ವರ್ಷವೆಲ್ಲ ಮನೆ ತುಂಬಿರಲೆಂದು. ಆಲೂಗಡ್ಡೆ ತುರಿಯುತ್ತಿದ್ದ ಸೊಸೆಯ ಕಡೆ ತಿರುಗಿ ಅವರು, "ನಿಮ್ಮೋರು ಆಲೂಗಡ್ಡೇನ ಬೇಯಿಸೋ ತಾಳ್ಮೆ ಇಲ್ದೆ ಲಾಟ್ಕೆ ಅಂತ ಹಸಿ ತುರಿದು ಕರೀತಾರೆ" ಎಂದರು.

"ನಿಮ್ಮೋರು ಅದನ್ನ ಹಿಟ್ಟಿನೊಳಗೆ ಬಚ್ಚಿಡ್ತಾರೆ ಅತ್ತೆ."

"ಬಚ್ಚಿಟ್ಟಿದ್ದೇ ರುಚಿ."

ಎಲ್ಲ ಸಿದ್ಧ, ಆದರೆ ಉಣ್ಣುವಂತಿಲ್ಲ. ಮನೆಯ ಮಗು ಆಕಾಶದಲ್ಲಿ ಮೊದಲ ನಕ್ಷತ್ರ ಕಾಣಬೇಕು, ಆಮೇಲೆಯೇ ತುತ್ತು. ಸಂಕಷ್ಟಿಯ ದಿನ ಚಂದ್ರನಿಗಾಗಿ ಕಾದವರಿಗೆ ಆ ಹಸಿವು ಗೊತ್ತು. ಅಂದು ನೋಡಿದರೆ ಊರ ಪಕ್ಕದ ಸರೋವರದ ಮೇಲಿಂದ ಎದ್ದ ಮೋಡ ಊರಿಗೇ ಕಂಬಳಿ ಹೊದಿಸಿತ್ತು. ಹಿಮ ಉದುರುತ್ತಿತ್ತು. ಆದಮ್ ಕಿಟಕಿಗೆ ಮೂಗು ಒತ್ತಿ ನಿಂತು, ಬೀದಿ ದೀಪ ಕಂಡರೂ ನಕ್ಷತ್ರ, ವಿಮಾನ ಕಂಡರೂ ನಕ್ಷತ್ರ ಎನ್ನುತ್ತಿದ್ದ.

"ಓಡಾಡೋ ನಕ್ಷತ್ರ ಲೆಕ್ಕಕ್ಕಿಲ್ಲ ಕಣೋ," ಎಂದರು ಬಾಬ್ಚಾ.

ಕಡೆಯದಾಗಿ ಅವರು ಒಂದು ಹೆಚ್ಚಿನ ತಟ್ಟೆ ಇಟ್ಟು, ಅದರಡಿಯೂ ಹುರುಪೆ ಸರಿಸಿ, ಖಾಲಿ ಕುರ್ಚಿ ಎಳೆದರು. ಆ ರಾತ್ರಿ ನೆನೆಸದ ಅತಿಥಿ ಯಾರಾದರೂ ಬಂದಾರು ಎಂದು ಅವರ ಹಿರಿಯರ ಕಾಲದಿಂದ ನಡೆದು ಬಂದ ಪದ್ಧತಿ.

ರೂತ್ ಕುರ್ಚಿಯನ್ನು ದಿಟ್ಟಿಸಿ ನೋಡಿದಳು. "ಗೊತ್ತು. ಇದು ಎಲೀಯನ ಕುರ್ಚಿ."

"ಯಾವ ಎಲೀಯ?"

"ಪ್ರವಾದಿ ಎಲೀಯ. ಪಸ್ಕ ಹಬ್ಬದಲ್ಲಿ ಝೇಡಿ ಅವನಿಗೆ ಬಟ್ಟಲು ಇಡಲ್ವಾ? ಆಮೇಲೆ ಬಾಗಿಲು ತೆಗೀಬೇಕು. ಬಾಗಿಲು ಮುಚ್ಚಿದ್ರೆ ಅವನು ಹೇಗೆ ಬರ್ತಾನೆ ಬಾಬ್ಚಾ?"

ಝೇಡಿ ಎಂದರೆ ಮೆಂಡೆಲ್ ಅಜ್ಜ. ಅದು ವಸಂತದ ಹಬ್ಬ, ಇದು ಚಳಿಗಾಲದ್ದು, ಅದು ಅವರದು, ಇದು ಇವರದು ಎಂದು ಆವಿವಾ ತಿಳಿಸಿ ಹೇಳುವಷ್ಟರಲ್ಲಿ ಹುಡುಗಿ ಓಡಿಹೋಗಿ ಎರಡೂ ಕೈಯಿಂದ ಬಾಗಿಲು ಎಳೆದಿದ್ದಳು. ತಣ್ಣನೆಯ ಗಾಳಿ ನುಗ್ಗಿತು. ಅದರ ಹಿಂದೆಯೇ ಅವಳ ದನಿ: "ಎಲೀಯ ಬಂದಿಲ್ಲ. ಝೇಡಿ ಬಂದಿದಾರೆ."

ಮೆಟ್ಟಿಲ ಮೇಲೆ ಮೆಂಡೆಲ್ ನಿಂತಿದ್ದರು, ಎದೆಗವಚಿಕೊಂಡ ಗೊಜ್ಜಿನ ಪಾತ್ರೆಯೊಡನೆ. ಟೋಪಿಯ ಮೇಲೆ, ಭುಜದ ಮೇಲೆ ಹಿಮ ಕೂತಿತ್ತು. ಪಾತ್ರೆ ಇಟ್ಟು ಹೋಗುವವರ ಮೇಲೆ ಅಷ್ಟು ಹಿಮ ಕೂರುವುದಿಲ್ಲ. ಅದನ್ನು ಆವಿವಾ ಕಂಡಳು. ಒಳಗೆ ಬಾ ಎನ್ನಬಾರದೆಂದು ಅವರೇ ಕಟ್ಟು ಹಾಕಿದ್ದರಲ್ಲ, ಬಾಗಿಲು ಹಿಡಿದು ನಿಂತಳು.

ಆದರೆ ರೂತ್‌ಗೆ ಯಾರೂ ಕಟ್ಟು ಹಾಕಿರಲಿಲ್ಲ. "ಹಸಿದವರು ಯಾರೇ ಆಗ್ಲಿ ಬಂದು ಉಣ್ಣಲಿ ಅಂತ ಪಸ್ಕದಲ್ಲಿ ನೀನೇ ಹೇಳ್ತೀಯಲ್ಲ ಝೇಡಿ. ನಿನಗೆ ಹಸಿವಾಗಿದೆಯಾ?"

ಮೆಂಡೆಲ್ ಮಗಳ ಮುಖ ನೋಡಿದರು, ಮೊಮ್ಮಗಳ ಮುಖ ನೋಡಿದರು. ಮಕ್ಕಳ ಮುಂದೆ ಸುಳ್ಳಾಡಿ ಅಭ್ಯಾಸವಿಲ್ಲದ ಜೀವ.

"ಆಗಿದೆ ಕಣಮ್ಮಾ," ಎಂದರು.

ಬಾಬ್ಚಾ ಸೆರಗಿನಂತೆ ಕಟ್ಟಿದ್ದ ಅಡುಗೆಬಟ್ಟೆಗೆ ಕೈ ಒರೆಸುತ್ತ ಬಂದರು. "ಬೀಗರೇ, ನೆನೆಸದ ಅತಿಥಿಗೆ ಅಂತ ಕುರ್ಚಿ ಹಾಕಿದೀನಿ. ಈ ಮನೇಲಿ ನಿಮಗಿಂತ ನೆನೆಸದೋರು ಯಾರಿದಾರೆ? ಬಂದವರನ್ನ ಈ ದಿನ ವಾಪಸು ಕಳಿಸಿದ್ರೆ ಪಾಪ ನನಗೆ ಬರುತ್ತೆ."

"ಆ ಮರ..."

ಅವರು ಮಾತು ಮುಗಿಸುವ ಮೊದಲೇ ಬಾಬ್ಚಾ ಕುರ್ಚಿಯನ್ನು ಮೇಜಿನ ಆಚೆ ಬದಿಗೆ ಹಾಕಿ ಬೆನ್ನು ಮರಕ್ಕೆ ಮಾಡಿಟ್ಟರು. "ಮರ ನಿಮ್ಮನ್ನ ನೋಡಲಿ ಬಿಡಿ. ನೀವು ಅದನ್ನ ನೋಡೋದು ಬೇಡ."

ಮೆಂಡೆಲ್ ಕಾಲಿನ ಹಿಮ ಕೊಡವಿ ಹೊಸ್ತಿಲು ದಾಟಿದರು.

ಕುಳಿತವರು ತಟ್ಟೆ ಎತ್ತಿ ಅಡಿಯಲ್ಲಿದ್ದ ಹುರುಪೆಯನ್ನು ಬೆಳಕಿಗೆ ಹಿಡಿದರು. "ಹುರುಪೆ ಇಲ್ಲದ ಮೀನು ನಮಗೆ ವರ್ಜ್ಯ. ಇದಕ್ಕಿದೆಯೋ ಇಲ್ಲವೋ ಅಂತ ಕೇಳೋಣ ಅಂತಿದ್ದೆ."

"ಕೇಳೋ ಮೊದಲೇ ಸಾಕ್ಷಿ ಇಟ್ಟಿದೀನಿ. ಆದ್ರೆ ಈಗಲೇ ತಿನ್ನೋ ಹಾಗಿಲ್ಲ. ನಕ್ಷತ್ರ ಬರಬೇಕು."

"ಮೋಡದ ದಿನ ಏನು ಮಾಡ್ತೀರಿ?"

"ಕಾಯ್ತೀವಿ."

"ಕತ್ತಲಾದರೆ ನಮಗೆ ಸಾಕು," ಎಂದು ಮೆಂಡೆಲ್ ಎದ್ದರು. ತಾದೆಕ್ ಆದಮ್‌ನನ್ನು ಹೆಗಲ ಮೇಲೆ ಕೂರಿಸಿಕೊಂಡು ನಕ್ಷತ್ರ ಹುಡುಕಲು ಅಂಗಳಕ್ಕೆ ಇಳಿದ. ಇತ್ತ ಕಿಟಕಿಯ ಬಳಿ ಮೆಂಡೆಲ್ ಕೈ ಚಾಚಿ ಕಡ್ಡಿಪೆಟ್ಟಿಗೆಗೆಂದು ತಡಕಾಡಿದರು. ಆ ಪೆಟ್ಟಿಗೆಯನ್ನು ಅವರ ಕೈಗಿಡುತ್ತಿದ್ದವಳು ಅಮ್ಮ. ಆವಿವಾ ಅದನ್ನು ಆ ಕೈಯಲ್ಲಿಟ್ಟಳು. ಅವರು ಉಳಿದ ದೀಪ ಹಚ್ಚಲು ಇರುವ ಸೇವಕ ದೀಪ ಹೊತ್ತಿಸಿ ಸ್ತೋತ್ರ ಹೇಳಿದರು. ನಡುವೆ ದನಿ ಒಡೆದಾಗ ಮಗಳು ಎತ್ತಿಕೊಂಡಳು, ಅವಳ ಹಿಂದೆ ರೂತ್. ಬಾಬ್ಚಾಗೆ ಮಾತು ಗೊತ್ತಿರಲಿಲ್ಲ, ಕಡೆಗೆ ಬರುವ ಆಮೆನ್ ಗೊತ್ತಿತ್ತು. ಅದನ್ನು ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದರು. ಸೇವಕ ದೀಪದಿಂದ ಹಬ್ಬದ ಮೊದಲ ದೀಪ ಹೊತ್ತಿತು.

ಹೊರಗಿನಿಂದ ಕೂಗು ಕೇಳಿತು. ಆದಮ್ ಅಪ್ಪನ ಹೆಗಲ ಮೇಲೆ ಕುಣಿಯುತ್ತ ಕಿಟಕಿಯತ್ತ ಬೆರಳು ತೋರಿಸುತ್ತಿದ್ದ. "ನಕ್ಷತ್ರ! ಓಡಾಡ್ತಿಲ್ಲ ಬಾಬ್ಚಾ, ಅಲ್ಲೇ ಇದೆ!"

ಎಲ್ಲರೂ ಬಾಬ್ಚಾರ ಕಡೆ ನೋಡಿದರು. ಅವರು ಮೋಡ ನೋಡಿದರು, ಕಿಟಕಿಯ ದೀಪ ನೋಡಿದರು, ಆರುತ್ತಿದ್ದ ಕಡುಬು ನೋಡಿದರು.

"ಮಗು ಕಾಣಬೇಕು ಅಂತ ಇದೆ. ಎಲ್ಲಿ ಕಾಣಬೇಕು ಅಂತ ನನ್ನಮ್ಮ ಹೇಳಿರಲಿಲ್ಲ," ಎಂದು ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡು ಬಡಿಸಲು ನಿಂತರು.

ಉಂಡರು. ಸೇಬಿನ ಗೊಜ್ಜು ಲಾಟ್ಕೆಯ ಮೇಲೂ ಬಿತ್ತು, ಬಾಬ್ಚಾರ ಕಣ್ಣು ತಪ್ಪಿಸಿ ಕಡುಬಿನ ಮೇಲೂ ಬಿತ್ತು. ಹದ ಬಂದಿಲ್ಲ ಎಂದು ಯಾರೂ ಹೇಳಲಿಲ್ಲ.

ಹೊರಡುವಾಗ ಮೆಂಡೆಲ್ ಬಾಗಿಲಲ್ಲಿ ನಿಂತು ಟೋಪಿ ಕೊಡವಿದರು. ಈ ಸಲ ಉದುರಿದ್ದು ಹಸಿರು ಸೂಜಿಯೆಲೆ. "ತಾದೆಕ್, ಆ ಮರಕ್ಕೆ ನೀರು ಹಾಕ್ತಿಲ್ಲ ನೀನು. ಒಣಗ್ತಾ ಇದೆ."

"ಹಿಂದೆ ತಿರುಗಿ ನೋಡಿದ್ರಾ ಬೀಗರೇ?" ಎಂದರು ಬಾಬ್ಚಾ.

"ನಾನೆಲ್ಲಿ ನೋಡಿದೆ? ಅದೇ ನನ್ನ ತಲೆ ಮೇಲೆ ಬಿತ್ತು."

ಆವಿವಾ ತೊಳೆದಿಟ್ಟ ಗೊಜ್ಜಿನ ಪಾತ್ರೆಯನ್ನು ಅಪ್ಪನ ಕೈಗೆ ಕೊಡಹೋದಳು. ಅವರು ತೆಗೆದುಕೊಳ್ಳಲಿಲ್ಲ.

"ಇಲ್ಲೇ ಇರಲಿ. ನಾಳೆ ಎರಡನೇ ದೀಪಕ್ಕೆ ಮತ್ತೆ ತರಬೇಕಲ್ಲ, ಗೊಜ್ಜು ಇಲ್ಲೇ ಮಾಡಿದ್ರಾಯ್ತು."