ಎಣ್ಣೆ ಗೇಜಿನ ಮುಳ್ಳು

ಮೋಟಾರಿನ ಸದ್ದು ಕೇಳಿದರೆ ನಂಜನಗೂಡಿನ ಜನ ಕೈಕೆಲಸ ಬಿಟ್ಟು ಬೀದಿಗೆ ಓಡಿಬರುತ್ತಿದ್ದ ಕಾಲ ಅದು. ಬೆಲ್ಲದ ವ್ಯಾಪಾರಿ ಸಿದ್ದಮಲ್ಲಪ್ಪ ಮೈಸೂರಿನ ಬಿಳಿಯ ಸಾಹೇಬನೊಬ್ಬನಿಂದ ಹಳೆಯ ಮೋಟಾರೊಂದನ್ನು ಕೊಂಡಿದ್ದ. ಅದನ್ನು ಓಡಿಸುತ್ತಿದ್ದವನು ಅವನ ತಂಗಿ ರುದ್ರಮ್ಮನ ಗಂಡ ಚಿಕ್ಕಬಸಪ್ಪ. ಸಾಹೇಬನ ಡ್ರೈವರನ ಬೆನ್ನುಬಿದ್ದು ಗಾಡಿ ಓಡಿಸುವುದನ್ನೂ ಬಿಚ್ಚಿ ಜೋಡಿಸುವುದನ್ನೂ ಕಲಿತಿದ್ದ.

ಆ ಬೇಸಗೆಯಲ್ಲಿ ನರಸೀಪುರದ ಆಚೆ ಬತ್ತಿದ ಕೆರೆಯಂಗಳವನ್ನು ಗುಂಡು ಉರುಳಿಸಿ ಗಟ್ಟಿ ಮಾಡಿ, ಮೋಟಾರು ಪಂದ್ಯಕ್ಕೆಂದು ದುಂಡನೆಯ ದಾರಿ ಮಾಡಿದರು. ಸಿದ್ದಮಲ್ಲಪ್ಪನಿಗೆ ಹುರುಪು ಬಂತು. ಚಿಕ್ಕಬಸಪ್ಪನಿಗೆ ಬಂದದ್ದು ಯೋಚನೆ. ರಸ್ತೆಯಲ್ಲಾದರೆ ಇಂಜಿನ್ನು ಕಾದಾಗ ಮರದಡಿ ನಿಲ್ಲಿಸಬಹುದು. ಇಲ್ಲಿ ಉಸಿರು ಬಿಡದೆ ಸುತ್ತಬೇಕು. ಒಳಗೆ ಏನಾಗುತ್ತಿದೆ ಎಂದು ತಿಳಿಸುವ ಒಂದು ಗೇಜೂ ಆ ಗಾಡಿಯಲ್ಲಿರಲಿಲ್ಲ.

ಭಾವನೆಂಟರಿಬ್ಬರೂ ಮೈಸೂರಿನ ಅಂಗಡಿಗೆ ಹೋದರು. ನೀರಿನ ಬಿಸಿ ತೋರಿಸುವ ಗೇಜು ರೇಡಿಯೇಟರಿನ ಮುಚ್ಚಳದ ಮೇಲೆ ಕೂರುವಂಥದು. ಅದರ ಬಗ್ಗೆ ತಕರಾರು ಏಳಲಿಲ್ಲ. ಆದರೆ ಡ್ರೈವರನ ಮುಂದಿನ ಹಲಗೆಯಲ್ಲಿ ಒಂದಕ್ಕಷ್ಟೇ ಜಾಗವಿತ್ತು. ಸಿದ್ದಮಲ್ಲಪ್ಪ ವೇಗ ತೋರಿಸುವ ದೊಡ್ಡ ಬಿಳಿ ಬಿಲ್ಲೆಯನ್ನು ಕೈಗೆತ್ತಿಕೊಂಡವನು ಕೆಳಗಿಡಲಿಲ್ಲ. ಪಕ್ಕದಲ್ಲಿ ಕೂತ ದೊಡ್ಡ ಮನುಷ್ಯರಿಗೆ ತನ್ನ ಗಾಡಿಯ ಓಟ ಕಣ್ಣಿಗೆ ಕಾಣಬೇಕೆಂಬುದು ಅವನ ಆಸೆ. ಚಿಕ್ಕಬಸಪ್ಪ ಎಣ್ಣೆಯ ಒತ್ತಡ ತೋರಿಸುವ ಸಣ್ಣ ಗೇಜನ್ನು ಮುಂದಿಟ್ಟ.

"ಓಟ ನಂಗೆ ಮೈಗೇ ಗೊತ್ತಾಯ್ತದೆ, ಭಾವ. ಎಣ್ಣೆ ನಿಂತ್ರೆ ಗೊತ್ತಾಗಕಿಲ್ಲ. ಗೊತ್ತಾಗೋ ಒತ್ತಿಗೆ ಇಂಜಿನ್ನು ಕಚ್ಕೊಂಡು ನಿಂತಿರ್ತದೆ."

ಅಂದು ಬರಿಗೈಲಿ ಹಿಂದಿರುಗಿದರು. ಮಾರನೆಯ ದಿನ ರುದ್ರಮ್ಮ ತವರಿಗೆ ಹೋಗಿ, ಓಡಿಸುವವರ ಮಾತು ನಡೆಯಲಿ ಎಂದು ಅಣ್ಣನ ಮುಂದೆ ಕೂತು ಕೇಳಿಕೊಂಡಳು. ತಂಗಿಯ ಮಾತಿಗೆ ಅವನು ಒಪ್ಪಿದ. ಎಣ್ಣೆಯ ಗೇಜು ಬಂತು. ಇಂಜಿನ್ನಿನಿಂದ ಅದಕ್ಕೆ ಕಡ್ಡಿಯಷ್ಟು ತೆಳ್ಳಗಿನ ತಾಮ್ರದ ಕೊಳವೆಯನ್ನು ಚಿಕ್ಕಬಸಪ್ಪ ತಾನೇ ಜೋಡಿಸಿದ.

ಪಂದ್ಯದ ದಿನ ಅವನ ಗಾಡಿ ಎಲ್ಲರಿಗಿಂತ ಮುಂದಿತ್ತು. ಕೊನೆಯ ಸುತ್ತುಗಳು. ಚಪ್ಪರದಡಿ ಅಮಲ್ದಾರರ ಪಕ್ಕದಲ್ಲಿದ್ದ ಸಿದ್ದಮಲ್ಲಪ್ಪ ಎದ್ದು ನಿಂತಿದ್ದ. ಆಗ ಎಣ್ಣೆ ಗೇಜಿನ ಮುಳ್ಳು ಒಮ್ಮೆ ನಡುಗಿ ಸೊನ್ನೆಗೆ ಬಿತ್ತು. ಚಿಕ್ಕಬಸಪ್ಪ ಹಲಗೆಯನ್ನು ಬೆರಳಿನಿಂದ ತಟ್ಟಿದ. ಮುಳ್ಳು ಏಳಲಿಲ್ಲ. ಇಂಜಿನ್ನು ಸೊಗಸಾಗಿಯೇ ಹಾಡುತ್ತಿತ್ತು. ಅವನು ನಂಬಿದ್ದು ಮುಳ್ಳನ್ನು. ಗಾಡಿಯನ್ನು ಪಕ್ಕಕ್ಕೆ ತಂದು ಇಂಜಿನ್ನು ಆರಿಸಿದ. ಉಳಿದ ಮೋಟಾರುಗಳು ಧೂಳೆಬ್ಬಿಸಿಕೊಂಡು ಅವನನ್ನು ದಾಟಿ ಹೋದವು.

ಎಲ್ಲರ ಎದುರಿಗೇ ಇಂಜಿನ್ನು ಬಿಚ್ಚಿ ನೋಡಿದರು. ಎಣ್ಣೆ ತುಂಬಿತ್ತು, ಬೇರಿಂಗುಗಳು ಕನ್ನಡಿಯಂತಿದ್ದವು. ಗೇಜಿನ ಕೊಳವೆಯಲ್ಲಿ ಮಾತ್ರ ಕಸ ಕಟ್ಟಿಕೊಂಡು, ಮುಳ್ಳು ಸುಳ್ಳು ಹೇಳಿತ್ತು.

ಸಿದ್ದಮಲ್ಲಪ್ಪ ಕೂಗಾಡಲಿಲ್ಲ. "ನೀನು ತರ್ಸಿದ್ದು, ನೀನು ಜೋಡ್ಸಿದ್ದು. ಗಾಡಿ ಕೀಲಿ ಕೊಟ್ಟು ಓಗು" ಎಂದ.

ಅಂದಿನಿಂದ ಊರಿನಲ್ಲಿ ಚಿಕ್ಕಬಸಪ್ಪನಿಗೆ 'ಮುಳ್ಳು ಬಸಪ್ಪ' ಎಂಬ ಹೆಸರು ಬಿತ್ತು. ಅಣ್ಣ ತಂಗಿಯನ್ನು ಗೌರಿಹಬ್ಬಕ್ಕೂ ಕರೆಯಲಿಲ್ಲ. ಗಂಡನ ಪರ ಮಾತಾಡಿದ್ದಕ್ಕೆ ಸಿಕ್ಕ ಫಲವೆಂದು ರುದ್ರಮ್ಮ ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೆ ಗಂಡನಿಗೆ ಹಗುರವಾಗುತ್ತಿತ್ತೇನೋ. ತೆಗೆದುಕೊಂಡ ಗೇಜು ಸರಿಯಾದದ್ದೇ ಎಂದು ಅವನು ಕಂಡಕಂಡವರಿಗೆ ಬಿಡಿಸಿ ಹೇಳುತ್ತಿದ್ದ. ಅವರು ತಲೆದೂಗಿ, ಬೆನ್ನು ತಿರುಗಿಸಿ ನಗುತ್ತಿದ್ದರು.

ಮರುವರ್ಷದ ಪಂದ್ಯಕ್ಕೆ ಗಾಡಿ ಓಡಿಸಿದವನು ಬನ್ನೂರಿನ ನಿಂಗರಾಜು. ಹೊಸದಾಗಿ ಮದುವೆಯಾದ ಹುಡುಗ. ಹಲಗೆಯಲ್ಲಿ ವೇಗದ ಬಿಳಿ ಬಿಲ್ಲೆ ಹೊಳೆಯುತ್ತಿತ್ತು. ಚಿಕ್ಕಬಸಪ್ಪ ರುದ್ರಮ್ಮನೊಂದಿಗೆ ಕೆರೆಯ ಏರಿಯ ಮೇಲೆ ನಿಂತು ನೋಡಿದ. ಗಾಡಿ ಹತ್ತಿರ ಬಂದಾಗಲೆಲ್ಲ ಕಿವಿಗೊಟ್ಟ. ಒಳಗಿನಿಂದ ಒಂದು ಬಡಿತ, ಒಂದು ಕಿರುಗುಟ್ಟುವ ಸದ್ದು ಕೇಳಬೇಕಿತ್ತು. ಕೇಳಲಿಲ್ಲ. ಕೊನೆಯ ಸುತ್ತಿನಲ್ಲಿ ಅವನು ಏರಿಯ ಅಂಚಿಗೇ ಬಂದು ನಿಂತ.

ನಿಂಗರಾಜು ಗೆದ್ದ. ಸಿದ್ದಮಲ್ಲಪ್ಪ ಅವನನ್ನು ತಬ್ಬಿಕೊಂಡ. ಗಾಡಿಗೆ ಏನೂ ಆಗಿರಲಿಲ್ಲ.

ಎತ್ತಿನ ಗಾಡಿಯಲ್ಲಿ ಊರಿಗೆ ಬರುವಾಗ ರುದ್ರಮ್ಮ ಹೇಳಿದಳು: "ಇಂಜಿನ್ನು ಮುರೀಲಿ ಅಂತ ಕಾಯ್ತಿದ್ರಿ ನೀವು. ಆ ಗಾಡಿಯೊಳಗೆ ಒಂದು ಜೀವ ಕೂತಿತ್ತು."

ಇಲ್ಲವೆನ್ನಲು ಹೊರಟವನು ಎತ್ತುಗಳ ಕಡೆಗೆ ಮುಖ ತಿರುಗಿಸಿದ.

ಆ ವಾರವೇ ಅವಳು ಯಾರೂ ಕರೆಯದೆ ತವರಿಗೆ ಹೋಗಿ, ಗೆಲುವಿನ ಊಟದ ಪಂಕ್ತಿಯಲ್ಲಿ ಕೂತು ಉಂಡು ಬಂದಳು. ಗಂಡನನ್ನು ಬನ್ನಿ ಎನ್ನಲಿಲ್ಲ. ಎನ್ನಬೇಕಿತ್ತೆಂದು ಅವನಿಗೂ ಅನ್ನಿಸಲಿಲ್ಲ.