ಸೂರಿನ ಮೇಲಿನ ಹೆಬ್ಬೆಟ್ಟು

ಅರ್ಲೀನ್ ಮೋ ಹಟಮಾರಿ ಎಂದು ಪೆಲಿಕನ್ ಪಾರ್ಕ್ ಎಂಬ ಟ್ರೇಲರ್ ಮನೆಗಳ ಕೇರಿಯಲ್ಲಿ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಆದರೆ ಆ ಸೋಮವಾರ ಬೆಳಿಗ್ಗೆ ಅವಳು ತನ್ನ ಟ್ರೇಲರ್ ಮನೆಯ ಸೂರಿನ ಮೇಲೆ ಮಂಡಿಯೂರಿ ಕುಳಿತು, ಪಾರ್ಕಿನ ಗಂಡಸರು ಇಷ್ಟು ವರ್ಷ ಪ್ರೀತಿಯಿಂದ ಮೆತ್ತಿದ್ದ ಸಿಲಿಕೋನ್ ಅಂಟನ್ನು ಚಕ್ಕೆ ಚಕ್ಕೆಯಾಗಿ ಕೀಳತೊಡಗಿದಾಗ, ಇದು ಹಟವಲ್ಲ, ಹೆಂಗಸಿಗೆ ತಲೆ ಕೆಟ್ಟಿದೆ ಎಂದು ಎಲ್ಲರೂ ತೀರ್ಮಾನಿಸಿದರು.

ಅಲ್ಲಿನ ಪದ್ಧತಿಯೇ ಹಾಗಿತ್ತು. ಯಾರ ಮನೆ ಸೋರಿದರೂ ಸರಿ, ನೆರೆಯ ಗಂಡಸರು ಒಂದು ಕೈಯಲ್ಲಿ ಬಿಯರ್, ಇನ್ನೊಂದು ಕೈಯಲ್ಲಿ ಸಿಲಿಕೋನ್ ಟ್ಯೂಬು ಹಿಡಿದು ಏಣಿ ಹತ್ತುತ್ತಿದ್ದರು. ಒಬ್ಬೊಬ್ಬನೂ ತನಗೆ ಅನುಮಾನ ಬಂದ ಜಾಗಕ್ಕೆ ಒಂದೊಂದು ಮುದ್ದೆ ಮೆತ್ತುತ್ತಿದ್ದ. ಮೆತ್ತದೆ ಇಳಿದವನು ನೆರೆಯವನೇ ಅಲ್ಲ. ಚಂಡಮಾರುತ ಇವರ ಗೋಡೆಯ ಮನೆಗಳನ್ನು ಕಡಲಿಗೆ ಎಳೆದುಕೊಂಡು ಹೋದಮೇಲೆ, ಎರಡು ತಿಂಗಳ ಮಟ್ಟಿಗೆ ಎಂದು ಚಕ್ರದ ಮನೆಗಳನ್ನು ತಂದು ಈ ಚಿಪ್ಪು ಹಾಸಿದ ರಸ್ತೆಯ ಬದಿಗೆ ನಿಲ್ಲಿಸಿಕೊಂಡವರು ಅವರೆಲ್ಲ. ಆ ಎರಡು ತಿಂಗಳು ಇನ್ನೂ ಮುಗಿದಿಲ್ಲ. ರಜೆಯಲ್ಲಿ ನಾಲ್ಕು ದಿನ ಓಡಾಡಲೆಂದು ಮಾಡಿದ ಮನೆ ಲೂಯಿಸಿಯಾನಾದ ಬಿಸಿಲು, ಮಳೆ ಎರಡನ್ನೂ ವರ್ಷಪೂರ್ತಿ ತಲೆಯ ಮೇಲೆ ಹೊತ್ತರೆ ಏನಾಗಬೇಕೋ ಅದೇ ಆಗಿತ್ತು. ಬೇಸಿಗೆಯಲ್ಲಿ ಸೂರಿಗೆ ಹೊದಿಸಿದ ರಬ್ಬರು ಹಾಳೆ ಹಿಗ್ಗುತ್ತಿತ್ತು, ಮಧ್ಯಾಹ್ನದ ಮಳೆಗೆ ತಟ್ಟನೆ ಕುಗ್ಗುತ್ತಿತ್ತು, ಅಂಚಿನಲ್ಲಿ ಬಾಯಿ ಬಿಡುತ್ತಿತ್ತು. ಗಂಡಸರು ಮತ್ತೆ ಏಣಿ ಹತ್ತುತ್ತಿದ್ದರು.

ಅರ್ಲೀನಳ ಗಂಡ ಓವಿಡ್ ಈ ಏಣಿ ಹತ್ತುವವರ ಪೈಕಿ ಮೊದಲಿಗ. ಈಗ ಅವನು ಲೇಕ್ ಚಾರ್ಲ್ಸ್ ಊರಿನ ಆಸ್ಪತ್ರೆಯಲ್ಲಿ ಮೂಗಿಗೆ ನಳಿಗೆ ಸಿಕ್ಕಿಸಿಕೊಂಡು ಮಲಗಿದ್ದ. ಮನೆಯಲ್ಲಿ ಅವನ ಹಾಸಿಗೆಯ ಮೇಲಿನ ಚಾವಣಿ ಹಲಗೆಯಲ್ಲಿ ಬೂಷ್ಟು ಬೆಳೆದಿತ್ತು, ಅದನ್ನೇ ಉಸಿರಾಡಿ ಉಸಿರಾಡಿ ಅವನ ಎದೆ ಕೆಟ್ಟಿತ್ತು. ಡಾಕ್ಟರು ಅರ್ಲೀನಳ ಮುಖ ನೋಡಿಯೇ ಹೇಳಿದ್ದರು: ಬರುವ ವಾರ ಶುಕ್ರವಾರ ನರ್ಸ್ ಮನೆಗೆ ಬಂದು ಪರೀಕ್ಷೆ ಮಾಡುತ್ತಾಳೆ, ಒಳಚಾವಣಿ ಒಣಗಿದ್ದರೆ ಗಂಡನನ್ನು ಕರೆದುಕೊಂಡು ಹೋಗಬಹುದು, ಹಸಿಯಿದ್ದರೆ ಅವನು ಬ್ಯೂಮಾಂಟ್‌ನಲ್ಲಿರುವ ಅಕ್ಕನ ಮನೆಗೆ. ಆ ಅಕ್ಕ ಅರ್ಲೀನಳ ಜೊತೆ ಮದುವೆಯ ದಿನದಿಂದ ಮಾತು ಬಿಟ್ಟವಳು. ಅವಳ ಮನೆಯಲ್ಲಿ ತಮ್ಮನಿಗೆ ಕೋಣೆಯಿತ್ತು, ತಮ್ಮನ ಹೆಂಡತಿಗೆ ಇರಲಿಲ್ಲ. ಎದೆ ಕೆಟ್ಟ ಮುದುಕ ಅಲ್ಲಿಗೆ ಹೋದರೆ ಹಿಂದಿರುಗಿ ಬರುವುದು ಮಾತಿನಲ್ಲಷ್ಟೇ ಎಂದು ಅರ್ಲೀನಳಿಗೆ ಗೊತ್ತಿತ್ತು. ಅವನಿಲ್ಲದ ಮನೆ ಸೋರಿದರೇನು, ಸೋರದಿದ್ದರೇನು?

ಹಾಗಾಗಿ ಅವಳು ಅಂಗಡಿಯಿಂದ, ಸೂರು ಸೋರದಂತೆ ಬಳಿಯುವ ಬಿಳಿ ಲೇಪದ ಡಬ್ಬಿಗಳನ್ನು ತಂದಳು. ತಂದು, ಪಾರ್ಕಿನ ಯಾವ ಗಂಡಸೂ ಈವರೆಗೆ ಮಾಡದ ಕೆಲಸವೊಂದನ್ನು ಮಾಡಿದಳು. ಕನ್ನಡಕ ಹಾಕಿಕೊಂಡು ಡಬ್ಬಿಯ ಹಿಂದೆ ಬರೆದದ್ದನ್ನು ಓದಿದಳು. ಸಿಲಿಕೋನಿನ ಮೇಲೆ ಈ ಲೇಪ ಹಿಡಿಯುವುದಿಲ್ಲ ಎಂದಿತ್ತು. ಪರೀಕ್ಷೆಗೆಂದು ಒಂದು ಮುದ್ದೆಯ ಮೇಲೆ ಸವರಿ ನೋಡಿದಳು. ಎಣ್ಣೆ ತವೆಯ ಮೇಲೆ ನೀರು ಚೆಲ್ಲಿದ ಹಾಗೆ ಲೇಪ ಗುಂಡುಗುಂಡಾಗಿ ಜಾರಿತು. ಹೊಸ ಸಿಲಿಕೋನ್ ಕೂಡ ಹಳೆಯ ಸಿಲಿಕೋನಿಗೆ ಅಂಟುವುದಿಲ್ಲ ಎಂದು ಅವಳಿಗೆ ಆಗಲೇ ಹೊಳೆದದ್ದು. ಇಷ್ಟು ವರ್ಷ ಮುದ್ದೆಯ ಮೇಲೆ ಮುದ್ದೆ ಕೂತಿತ್ತೇ ಹೊರತು ಒಂದಕ್ಕೊಂದು ಸಂಬಂಧವಿರಲಿಲ್ಲ.

ಆ ಸೋಮವಾರ ಸಂಜೆ ಫೋನಿನಲ್ಲಿ ಓವಿಡ್ ಕೇಳಿದ. "ಏನ್ ಮಾಡ್ತಾ ಇದೀಯ?"

"ಸೂರು ಒರೆಸ್ತಾ ಇದೀನಿ."

"ಒರೆಸು, ಒರೆಸು. ಆದ್ರೆ ಹಾಸಿಗೆ ನೆತ್ತಿ ಮೇಲಿನ ಜಾಗ ಮುಟ್ಬೇಡ ಕಣೇ. ಇಡೀ ಸೂರಲ್ಲಿ ಗಟ್ಟಿ ಇರೋದು ಅದೊಂದೇ. ನಾನೇ ಹಾಕಿದ್ದು." ಇಷ್ಟು ಹೇಳುವುದರೊಳಗೆ ಅವನಿಗೆ ಕೆಮ್ಮು ಬಂತು. ಕೆಮ್ಮು ನಿಲ್ಲುವ ತನಕ ಅವಳು ಫೋನು ಹಿಡಿದುಕೊಂಡೇ ನಿಂತಿದ್ದಳು. ಮುಟ್ಟುವುದಿಲ್ಲ ಎಂದು ಮಾತ್ರ ಹೇಳಲಿಲ್ಲ.

ಕೆಲಸಕ್ಕೆ ಸಿಗುವ ಹೊತ್ತು ಬಹಳ ಕಡಿಮೆ. ಮುಂಜಾನೆ ಸೂರಿನ ತುಂಬ ಇಬ್ಬನಿ, ಅದು ಆರುವ ತನಕ ಕಾಯಬೇಕು. ಮಧ್ಯಾಹ್ನವಾದರೆ ರಬ್ಬರು ಮಂಡಿ ಸುಡುತ್ತದೆ. ಅದು ಮುಗಿಯಿತೆನ್ನುವಾಗ ಕೊಲ್ಲಿಯ ಕಡೆಯಿಂದ ಗುಡುಗು ಹತ್ತಿ ಬರುತ್ತದೆ, ಟಾರ್ಪಾಲು ಎಳೆದು ಕಲ್ಲು ಹೇರಬೇಕು. ಇಬ್ಬನಿಗೂ ಗುಡುಗಿಗೂ ನಡುವೆ ಸಿಕ್ಕ ಹೊತ್ತಿನಲ್ಲೇ ಅರ್ಲೀನ್ ಹಲಗೆ ಹಾಸಿಕೊಂಡು, ಮಂಡಿಯ ಕೆಳಗೆ ಹಳೆ ದಿಂಬು ಇಟ್ಟುಕೊಂಡು, ಪ್ಲಾಸ್ಟಿಕ್ ಉಜ್ಜುಗತ್ತಿಯಿಂದ ಕೀಳುತ್ತಿದ್ದಳು. ಲೋಹದ ಕತ್ತಿಯಾದರೆ ರಬ್ಬರೇ ಹರಿದುಹೋಗುತ್ತದೆ. ಕಿತ್ತ ಜಾಗವನ್ನು ಬಟ್ಟೆ ಕಿರ್ರೆನ್ನುವ ತನಕ ಉಜ್ಜುತ್ತಿದ್ದಳು.

ಮಂಗಳವಾರ ಏಣಿಯ ಬುಡಕ್ಕೆ ಕ್ಲಿಯೋಫಸ್ ಲೆಜ್ಯೂನ್ ಬಂದು ನಿಂತ. ಎದುರಿನ ಟ್ರೇಲರಿನವನು, ಏಡಿ ಹಿಡಿಯುವವನು, ಟ್ಯೂಬು ಪಡೆಯ ದಂಡನಾಯಕ. ಅವನ ಹಿಂದೆ ಇನ್ನೂ ನಾಲ್ಕಾರು ಮಂದಿ ಮುಖ ಊದಿಸಿಕೊಂಡಿದ್ದರು.

"ಮಿಸ್ ಅರ್ಲೀನ್, ಅದು ನಾನು ಹಾಕಿದ್ದು." ಆ ಕಡೆ ಮದುವೆಯಾದವರನ್ನೂ ಗೌರವಕ್ಕೆ ಮಿಸ್ ಎಂದೇ ಕರೆಯುತ್ತಾರೆ.

"ಯಾವುದು?"

"ಈಗ ನೀವು ಕಿತ್ತು ಬಕೆಟ್ಟಿಗೆ ಎಸೆದ್ರಲ್ಲ, ಅದು. ಆವತ್ತು ಜ್ವರದಲ್ಲಿ ಎದ್ದು ಬಂದು ಹಾಕ್ಕೊಟ್ಟಿದ್ದೆ."

"ನೀವು ಬಂದಿದ್ದು ನೆನಪಿದೆ ಮಿಸ್ಟರ್ ಕ್ಲಿಯೋ. ಮರೆಯೋದಿಲ್ಲ. ಆದ್ರೂ ಅದು ಸೋರ್ತಿತ್ತು."

"ನಂದು ಸೋರಲ್ಲ. ಸೋರ್ತಿದ್ರೆ ಪಕ್ಕದ್ದು ಸೋರ್ತಿರುತ್ತೆ, ಅದು ಬೇರೆಯವರ ಕೆಲಸ." ಹಿಂದಿದ್ದವರಲ್ಲಿ ಗುಜುಗುಜು ಎದ್ದಿತು. ಮಾಡಿದ ಉಪಕಾರವನ್ನು ಕಣ್ಣೆದುರೇ ಕಿತ್ತು ಬಕೆಟ್ಟಿಗೆ ಹಾಕಿದರೆ ಯಾರಿಗಾದರೂ ಉರಿಯದೆ ಇರುತ್ತದೆಯೇ?

ಅರ್ಲೀನ್ ಬೆನ್ನು ನೆಟ್ಟಗೆ ಮಾಡಿಕೊಂಡು ಮೇಲಿನಿಂದಲೇ ಕೇಳಿದಳು. "ಟೈರ್ ಪಂಕ್ಚರ್ ಆದ್ರೆ ತೂತು ಹೇಗೆ ಹುಡುಕ್ತೀರಿ?"

"ಗಾಳಿ ತುಂಬಿ ನೀರಲ್ಲಿ ಮುಳುಗಿಸ್ತೀವಿ. ಅದನ್ನೂ ಕೇಳಬೇಕಾ?"

"ಹಾಗಾದ್ರೆ ಹೋಗಿ ನಿಮ್ಮ ಎಲೆ ಊದೋ ಯಂತ್ರ ತನ್ನಿ. ಮನೆಗೆ ಗಾಳಿ ತುಂಬೋಣ."

ಕ್ಲಿಯೋಫಸ್ ಒಮ್ಮೆ ತಲೆ ಕೆರೆದುಕೊಂಡ, ತಂದ. ಕಿಟಕಿಗೆ ರಟ್ಟು ಕತ್ತರಿಸಿ ಅಂಟಿಸಿ, ಅದರ ತೂತಿಗೆ ಯಂತ್ರದ ಮೂತಿ ತೂರಿಸಿ, ಉಳಿದ ಕಿಟಕಿ ಬಾಗಿಲುಗಳನ್ನೆಲ್ಲ ಮುಚ್ಚಿದರು. ಯಂತ್ರ ಬೊಬ್ಬೆ ಹಾಕಿತು. ಟ್ರೇಲರಿನ ಗೋಡೆ ಉಸಿರು ಕಟ್ಟಿದಂತೆ ಸ್ವಲ್ಪ ಉಬ್ಬಿತು. ಅರ್ಲೀನ್ ಪಾತ್ರೆ ತೊಳೆಯುವ ಸಾಬೂನನ್ನು ನೀರಿಗೆ ಕಲಸಿ ಇನ್ನೂ ಕೀಳದೆ ಉಳಿದಿದ್ದ ಸೂರಿನ ಭಾಗದ ಮೇಲೆ ಚೆಲ್ಲಿದಳು. ಗಂಡಸರು ಒಬ್ಬೊಬ್ಬರಾಗಿ ಏಣಿ ಹತ್ತಿ ಇಣುಕಿದರು.

ಮೊದಲು ಏನೂ ಆಗಲಿಲ್ಲ. ಕ್ಲಿಯೋಫಸ್ ಗೆದ್ದವನಂತೆ ಬಾಯಿ ತೆರೆದ. ಅಷ್ಟರಲ್ಲಿ ಅವನದೇ ಇನ್ನೊಂದು ಮುದ್ದೆಯ ಅಂಚಿನಲ್ಲಿ ಒಂದು ಗುಳ್ಳೆ ಎದ್ದಿತು. ಅದರ ಪಕ್ಕ ಇನ್ನೊಂದು. ಆಮೇಲೆ ಉಳಿದ ಮುದ್ದೆಗಳ ಸುತ್ತಲೂ ಬುಳುಬುಳು ನೊರೆ ಬಂತು, ಬುಟ್ಟಿಯಲ್ಲಿ ತುಂಬಿದ ಏಡಿಗಳು ಬಾಯಲ್ಲಿ ನೊರೆ ಬಿಡುವ ಹಾಗೆ. ಓವಿಡ್‌ನದೊಂದರ ಹೊರತು ಯಾರ ಮುದ್ದೆಯೂ ತಪ್ಪಿಸಿಕೊಳ್ಳಲಿಲ್ಲ.

"ಅದು ಯಾರದ್ದು?" ಅರ್ಲೀನ್ ಕೇಳಿದಳು.

ಕ್ಲಿಯೋಫಸ್ ಕೈ ಚಾಚಿ ನೊರೆಯನ್ನು ಬೆರಳಿನಿಂದ ಒರೆಸಿದ, ಅದು ಮತ್ತೆ ಎದ್ದಿತು. ಅವಳಿಗೆ ಗೆದ್ದ ಖುಷಿಯೇನೂ ಆಗಲಿಲ್ಲ. ಈ ಮನುಷ್ಯ ಜ್ವರದಲ್ಲಿ ಎದ್ದು ಬಂದದ್ದು ನಿಜ, ಇವರೆಲ್ಲರೂ ಬಂದದ್ದು ನಿಜ. ಕೆಲಸ ಕೆಟ್ಟದಾಗಿತ್ತು, ಮನಸ್ಸು ಕೆಟ್ಟದಾಗಿರಲಿಲ್ಲ.

"ನಾನೊಬ್ಳೇ ಕಿತ್ರೆ ಬರೋ ವಾರ ಶುಕ್ರವಾರಕ್ಕೆ ಸೂರು ಒಣಗಲ್ಲ," ಎಂದಳು. "ಓವಿಡ್ ಬ್ಯೂಮಾಂಟಿಗೆ ಹೋಗಿಬಿಡ್ತಾನೆ. ಹಾಕಿದವರೇ ಬಂದು ಅವರವರದ್ದು ಕೀಳಿ. ಟ್ಯೂಬು ಮಾತ್ರ ಯಾರೂ ತರ್ಬೇಡಿ. ತಂದವರಿಗೆ ಏಣಿ ಇಲ್ಲ."

"ಬಿಯರ್ ತರಬಹುದಾ?" ಹಿಂದಿನಿಂದ ಯಾರೋ ಕೇಳಿದರು.

"ಕೆಳಗಿಟ್ಟು ಬನ್ನಿ."

ಬುಧವಾರ ಇಬ್ಬನಿ ಆರುವ ಹೊತ್ತಿಗೆ ಏಣಿಯ ಬುಡದಲ್ಲಿ ಸಾಲು ನಿಂತಿತ್ತು. ಸೂರು ಎಲ್ಲರ ಭಾರ ತಾಳುವುದಿಲ್ಲ, ಇಬ್ಬಿಬ್ಬರೇ ಹತ್ತಬೇಕು ಎಂದು ಅರ್ಲೀನ್ ಕಟ್ಟಪ್ಪಣೆ ಮಾಡಿದಳು. ಒಬ್ಬೊಬ್ಬನೂ ತನ್ನ ಮುದ್ದೆಯ ಗುರುತು ಹಿಡಿದು, ಅದನ್ನು ಹಾಕಿದ ಮಳೆಯ ಕಥೆ ಹೇಳುತ್ತ ಕಿತ್ತ. ಯಾವುದೋ ಮುದ್ದೆಯ ಅಡಿಯಲ್ಲಿ ಬಿಯರ್ ಬಾಟಲಿಯ ಮುಚ್ಚಳ ಸಿಕ್ಕಿತು, ಅದು ತನ್ನದಲ್ಲ ಎಂದು ಎಲ್ಲರೂ ಆಣೆ ಹಾಕಿದರು. ಗುಡುಗು ಬರುವ ಮೊದಲು ಇಡೀ ಸೂರು ಬೋಳಾಯಿತು, ಒಂದು ಜಾಗದ ಹೊರತು.

ಹಾಸಿಗೆಯ ನೆತ್ತಿಯ ಮೇಲಿನ ಜಾಗ ಅದು. ಊಟದ ತಟ್ಟೆಯಷ್ಟು ಅಗಲ, ನಯವಾಗಿ, ಅಂಚಿನ ತನಕ ಒಂದೇ ಸಮ.

"ಇದು ಓವಿಡ್‌ದು," ಎಂದ ಕ್ಲಿಯೋಫಸ್ ಮೆಲ್ಲಗೆ. "ಚೆನ್ನಾಗಿದೆ ಮಿಸ್ ಅರ್ಲೀನ್. ಇದೊಂದು ಬಿಡಿ. ಅವನು ಬಂದ್ಮೇಲೆ ಕೇಳ್ತಾನೆ."

"ಕೇಳಲಿ."

ಅವಳು ಉಜ್ಜುಗತ್ತಿ ತೂರಿಸಿದಳು. ಉಳಿದವು ಚೂರುಚೂರಾಗಿ ಬಂದಿದ್ದರೆ ಇದು ದೋಸೆಯ ಹಾಗೆ ಇಡಿಯಾಗಿ ಎದ್ದು ಬಂತು. ಅಡಿಯಿಂದ ಕೊಳೆತ ವಾಸನೆ ಮೂಗಿಗೆ ಬಡಿಯಿತು. ರಬ್ಬರಿನಲ್ಲಿ ಬೆರಳು ತೂರುವಷ್ಟು ಬಿರುಕು, ಅದರ ಕೆಳಗಿನ ಹಲಗೆ ಕಾಫಿ ಚರಟದ ಹಾಗೆ ಕಪ್ಪಾಗಿ ಪುಡಿಯಾಗಿತ್ತು. ಬೇರೆಡೆ ಒಳಹೊಕ್ಕ ನೀರೆಲ್ಲ ಹರಿದು ಇಲ್ಲಿ ಬಂದು ಸೇರಿತ್ತು. ಮೇಲೆ ಆರಿಹೋಗದಂತೆ ಓವಿಡ್‌ನ ಮುಚ್ಚಳ ಬಿಗಿಯಾಗಿ ಕೂತಿತ್ತು. ಅದರ ನೇರ ಕೆಳಗೆ ಅವನ ದಿಂಬು.

ಅರ್ಲೀನ್ ಉಜ್ಜುಗತ್ತಿ ಕೆಳಗಿಟ್ಟಳು. ಅವಳಿಗೆ ಗಂಡನ ಮೇಲೆ ಸಿಟ್ಟು ಬಂತು, ಗಂಡನ ಮೇಲೆ ಕನಿಕರವೂ ಬಂತು, ಎರಡರಲ್ಲಿ ಯಾವುದಕ್ಕೆ ಅಳಬೇಕೋ ತಿಳಿಯಲಿಲ್ಲ. ಆಮೇಲೆ ಆ ಮುಚ್ಚಳವನ್ನು ಬಕೆಟ್ಟಿಗೆ ಹಾಕದೆ ಏಪ್ರನ್ನಿನ ಜೇಬಿಗೆ ಮಡಚಿಟ್ಟುಕೊಂಡು, "ಗರಗಸ ಕೊಡಿ" ಎಂದಳು.

ಮುಂದಿನ ದಿನಗಳಲ್ಲಿ ಅವಳು ಯಾರನ್ನೂ ಉಸಿರಾಡಲು ಬಿಡಲಿಲ್ಲ. ಕೊಳೆತ ಹಲಗೆ ಕೊಯ್ದು ತೆಗೆದರು, ಶಾಖ ತಡೆಯಲೆಂದು ಒಳಗೆ ತುಂಬಿದ್ದ, ಒದ್ದೆ ಹತ್ತಿಯಂಥ ಪದರವನ್ನು ಕಿತ್ತೆಸೆದರು, ಹೊಸ ಹಲಗೆ ಕೂರಿಸಿ ರಬ್ಬರು ಹೊದಿಸಿದರು. ಅಂಚುಗಳಿಗೆ ಅಗಲದ ಅಂಟುಪಟ್ಟಿ ಎಳೆದು, ಗಾಳಿಗುಳ್ಳೆ ಉಳಿಯದಂತೆ ಲಟ್ಟಣಿಗೆಯಿಂದ ಒತ್ತಿದರು. ಒಂದು ಸಲ ಮೋಡ ನೋಡಿ ಕ್ಲಿಯೋಫಸ್ "ಈಗ ಬರಲ್ಲ, ಬಳಿದುಬಿಡೋಣ" ಎಂದ. ಅರ್ಲೀನ್ ಬೇಡವೆಂದಳು. ಲೇಪದ ಡಬ್ಬಿ ಮುಚ್ಚಿ ಟಾರ್ಪಾಲು ಎಳೆಯುವುದಕ್ಕೂ ಮಳೆ ಸುರಿಯುವುದಕ್ಕೂ ಸರಿಹೋಯಿತು. ಆಮೇಲೆ ಅವನು ಮೋಡದ ವಿಷಯ ಎತ್ತಲಿಲ್ಲ. ಆಕಾಶ ತೆರವು ಕೊಟ್ಟ ಬೆಳಗುಗಳಲ್ಲಿ ಲೇಪ ಬಳಿದು, ಅದು ಆರಿದ ಮೇಲೆ ಇನ್ನೊಮ್ಮೆ ಬಳಿದರು. ಕೊನೆಗೆ ಮತ್ತೆ ಮನೆಗೆ ಗಾಳಿ ತುಂಬಿ ಸಾಬೂನು ನೀರು ಚೆಲ್ಲಿದರು. ಒಂದು ಗುಳ್ಳೆಯೂ ಏಳಲಿಲ್ಲ. ಗಂಡಸರು ಟೋಪಿ ತೆಗೆದು ನಿಂತರು.

ಮರುವಾರದ ಶುಕ್ರವಾರ ನರ್ಸ್ ಟ್ರೀನಾ ಬಂದಳು. ಹಾಸಿಗೆಯ ಮೇಲೆ ಹತ್ತಿ, ತೇವ ಅಳೆಯುವ ಎರಡು ಮುಳ್ಳಿನ ಪುಟ್ಟ ಯಂತ್ರವನ್ನು ಒಳಚಾವಣಿಗೆ ಅಲ್ಲಲ್ಲಿ ಚುಚ್ಚಿ ನೋಡಿದಳು. ಅರ್ಲೀನ್ ಒಲೆಗೆ ಬೆನ್ನು ಕೊಟ್ಟು, ಕೈ ಕಟ್ಟಿಕೊಂಡು ನಿಂತಿದ್ದಳು.

"ಯಾರು ಮಾಡಿದ್ದು ಮಿಸ್ ಅರ್ಲೀನ್ ಇದನ್ನ?"

"ಒದ್ದೆಯಿದೆಯಾ?"

"ಇಲ್ಲ. ಆಸ್ಪತ್ರೆ ಗೋಡೆನೂ ಇಷ್ಟು ಒಣಗಿಲ್ಲ. ಕರ್ಕೊಂಡು ಬನ್ನಿ ನಿಮ್ಮ ಯಜಮಾನ್ರನ್ನ."

ಮಾರನೆಯ ದಿನ ಓವಿಡ್ ಮನೆಗೆ ಬಂದ. ಮೆಟ್ಟಿಲು ಹತ್ತುವಾಗ ಒಮ್ಮೆ ನಿಂತು ಸುಧಾರಿಸಿಕೊಂಡ, ಒಳಗೆ ಬಂದು ಹಾಸಿಗೆಯ ಮೇಲೆ ಒರಗಿದ. ಒರಗಿದವನ ಕಣ್ಣು ನೇರ ಮೇಲಕ್ಕೆ ಹೋಯಿತು. ಅಲ್ಲಿ ಹೊಸ ಹಲಗೆ ಬೆಳ್ಳಗೆ ಕಾಣುತ್ತಿತ್ತು.

"ನಂದು ಬಿಟ್ಟಿದೀಯ ತಾನೇ?"

ಅರ್ಲೀನ್ ಅಡಿಗೆ ಮೂಲೆಯ ಡ್ರಾಯರ್ ಎಳೆದು ಆ ಮುಚ್ಚಳವನ್ನು ತಂದು ಅವನ ಕೈಗಿತ್ತಳು. ಅವನು ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ಅಂಚಿನಲ್ಲಿ, ನಯ ಮಾಡುವಾಗ ಎಂಜಲು ಸವರಿ ಒತ್ತಿದ ಹೆಬ್ಬೆಟ್ಟಿನ ಗೆರೆಗಳು ಹಾಗೇ ಉಳಿದಿದ್ದವು. ಅವನು ತನ್ನ ಹೆಬ್ಬೆರಳನ್ನು ಅದರ ಮೇಲಿಟ್ಟ. ಸರಿಯಾಗಿ ಕೂತಿತು.

"ಇದನ್ನ ಹಾಕಿದ್ಮೇಲೆ ಒಂದು ವರ್ಷ ಒಂದ್ ಹನಿನೂ ಬೀಳ್ಲಿಲ್ಲ."

"ಬೀಳ್ಲಿಲ್ಲ. ಒಳಗೇ ನಿಂತಿತ್ತು. ಹಲಗೆ ಪುಡಿಪುಡಿ ಆಗಿತ್ತು ಓವಿಡ್. ನಿನ್ನ ಎದೆ ಕೆಡಿಸಿದ್ದು ಇದೇ."

ಅವನು ಮುಚ್ಚಳವನ್ನು ಮಡಚಿ ದಿಂಬಿನ ಪಕ್ಕಕ್ಕಿಟ್ಟ. "ಹೇಳದೇ ಇರಬಹುದಿತ್ತು ನೀನು," ಎಂದ.

"ಇರಬಹುದಿತ್ತು. ಮುಂದಿನ ಮಳೆಗೆ ನೀನು ಇನ್ನೊಂದು ಟ್ಯೂಬ್ ಹಿಡ್ಕೊಂಡು ಏಣಿ ಹತ್ತುತ್ತಿದ್ದೆ."

ಓವಿಡ್‌ಗೆ ನಗು ಬಂತು, ನಗುವಿನ ಬೆನ್ನಿಗೆ ಕೆಮ್ಮು ಬಂತು. ಅವಳು ಅವನ ಬೆನ್ನು ನೀವಿ, ನೀರು ಕುಡಿಸಿ, ಒಲೆಯ ಹತ್ತಿರ ಹೋದಳು. ಬಾಣಲೆಯಲ್ಲಿ ಎಣ್ಣೆಗೆ ಹಿಟ್ಟು ಹಾಕಿ ಕೈಬಿಡದೆ ಕೆದಕತೊಡಗಿದಳು. ಗಂಬೋ ಸಾರಿಗೆ ಆ ಹಿಟ್ಟು ಕಡುಗೆಂಪಾಗಬೇಕು, ಅರೆಕ್ಷಣ ಮರೆತರೆ ಕರಕಲು.

ಅಷ್ಟರಲ್ಲಿ ಗುಡುಗಿತು. ಮೊದಲ ಹನಿಗಳು ಸೂರಿನ ಮೇಲೆ ದಪದಪನೆ ಬಿದ್ದವು, ಹಿಂದೆಯೇ ಮಳೆ ಧೋ ಎಂದು ಸುರಿಯಿತು. ಅರ್ಲೀನ್ ತಿರುಗಿ ನೋಡಿದಳು. ಓವಿಡ್ ಎದ್ದು, ಗೋಡೆ ಹಿಡಿದುಕೊಂಡು ಬಂದು, ಕಪಾಟಿನಿಂದ ದೊಡ್ಡ ಅಲ್ಯೂಮಿನಿಯಂ ಪಾತ್ರೆಯನ್ನು ತೆಗೆದುಕೊಂಡು ಹೋಗಿ ಹಾಸಿಗೆಯ ನಡುವೆ ಇಟ್ಟು, ಪಕ್ಕದಲ್ಲಿ ಕುಳಿತಿದ್ದ. ಅವಳ ಅಮ್ಮನ ಗಂಬೋ ಪಾತ್ರೆ ಅದು. ಹನಿ ಬೀಳದ ಆ ಒಂದು ವರ್ಷ ಬಿಟ್ಟರೆ, ಎಷ್ಟೋ ವರ್ಷಗಳಿಂದ ಮಳೆ ಬಂದಾಗಲೆಲ್ಲ ಅದರ ಜಾಗ ಅಲ್ಲೇ, ಸೋರುವ ಹನಿಯ ಕೆಳಗೆ. ಅವನು ಪಾತ್ರೆಯ ತಳವನ್ನೇ ನೋಡುತ್ತಿದ್ದ. ಕೆದಕುತ್ತಲೇ ಅವಳೂ ಅತ್ತ ನೋಡಿದಳು. ಮಳೆ ಜೋರಾಯಿತು, ಇನ್ನೂ ಜೋರಾಯಿತು. ಪಾತ್ರೆಯೊಳಗಿಂದ ಸದ್ದಿಲ್ಲ.

"ಪಾತ್ರೆ ಕೊಡು," ಎಂದಳು. "ಹಿಟ್ಟು ಕೆಂಪಾಯ್ತು."

"ತಡಿ, ಮಳೆ ನಿಲ್ಲಲಿ."

"ಮಳೆ ನಿಲ್ಲೋ ತನಕ ಇದು ಕಾಯಲ್ಲ ಓವಿಡ್. ಕೊಡು."

ಅವನು ಮತ್ತೊಮ್ಮೆ ಮೇಲೆ ನೋಡಿದ. ಆಮೇಲೆ ಅಂಗೈಯನ್ನು ಪಾತ್ರೆಯೊಳಗೆ ಒಂದು ಸುತ್ತು ಆಡಿಸಿ, ಒದ್ದೆಯಾಗದ ಕೈಯನ್ನು ಅವಳಿಗೆ ತೋರಿಸಿ, ಸುರಿಯುವ ಮಳೆಯಲ್ಲೇ ಪಾತ್ರೆಯನ್ನು ಎತ್ತಿ ಅವಳ ಕೈಗೆ ಕೊಟ್ಟ.