ಸೋಮವಾರದ ಸುದ್ದಿ

ಇಂಗ್ಲೆಂಡಿನ ಬಾರ್ನ್ಸ್ಲಿ ಬಳಿಯ ಆ ಕಲ್ಲಿದ್ದಲು ಗಣಿ ಊರಿನ ಶಾಲೆಯಲ್ಲಿ ಸೋಮವಾರ ಬೆಳಿಗ್ಗೆ ಮಕ್ಕಳು ಎದ್ದು ನಿಂತು ಮನೆಯ ಸುದ್ದಿ ಹೇಳಬೇಕಿತ್ತು. ಟೀಚರ್ ಮಿಸ್ ಆಕ್ರಾಯ್ಡ್ ಮಕ್ಕಳ ಇಂಗ್ಲಿಷನ್ನು ತಿದ್ದುತ್ತಿದ್ದರು. ಮಾತು ನೆಟ್ಟಗಾದರೆ ಇವರಲ್ಲಿ ನಾಲ್ವರಾದರೂ ಕಚೇರಿ ಕೆಲಸ ಹಿಡಿದಾರು ಎಂಬುದು, ಷೆಫೀಲ್ಡ್ ನಗರದಿಂದ ಬಸ್ಸಿನಲ್ಲಿ ಬರುವ ಆಕೆಯ ನಂಬಿಕೆ.

ಮೊದಲ ಹುಡುಗ ತನ್ನ ನಾಯಿ ಭಾನುವಾರದ ಮಾಂಸ ಕದ್ದ ಕತೆ ಹೇಳಿ ನಗಿಸಿದ. ಆಮೇಲೆ ಎದ್ದವಳು ಹತ್ತು ವರ್ಷದ ಎನಿಡ್ ಟಾಸ್ಕರ್.

"ಎವ್ರಿಬಡಿ ವರ್ ಇನ್ ಅವರ್ ಫ್ರಂಟ್ ರೂಮ್, ಮಿಸ್."

"ಎವ್ರಿಬಡಿ ವಾಸ್," ಎಂದರು ಮಿಸ್. "ಊರೆಲ್ಲ ಸೇರಿದ್ರೂ ಆ ಪದ ಏಕವಚನ. ಇನ್ನೊಂದ್ಸಲ ಹೇಳು."

ಎನಿಡ್ ಹೇಳಿದಳು. ಮತ್ತೆ ಊರಿನ ರೂಢಿಯ "ವರ್" ಎಂದೇ ಬಂತು. ಮತ್ತೆ ಹೇಳಿಸಿದರು; ಕೊನೆಗೆ "ವಾಸ್" ಬಂತು. ತರಗತಿ ಉಸಿರು ಬಿಗಿಹಿಡಿದು ಕೂತಿತ್ತು. ಎಷ್ಟು ಗಮನವಿಟ್ಟು ಕಲಿಯುತ್ತಿದ್ದಾರೆ ಎಂದು ಮಿಸ್‌ಗೆ ಹೆಮ್ಮೆಯಾಯಿತು.

"ಭೇಷ್! ಅದೇನು ಅಷ್ಟು ಜನ? ಪಾರ್ಟಿ ಇಟ್ಕೊಂಡಿದ್ರಾ?"

"ತಾತನ್ನ ನೋಡೋಕೆ ಬಂದಿದ್ರು ಮಿಸ್. ಪೆಟ್ಟಿಗೇಲಿ ಮಲಗಿಸಿದ್ದಾರೆ."

ಮಿಸ್ ಕೈಯಲ್ಲಿದ್ದ ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟರು. ಈ ಊರಲ್ಲಿ ಮನೆಯ ಮುಂಭಾಗದ ಆ ಫ್ರಂಟ್ ರೂಮ್ ತೆರೆಯುವುದು ಕ್ರಿಸ್‌ಮಸ್ಸಿಗೆ, ಇಲ್ಲವೇ ಸಾವಿಗೆ. ತರಗತಿಯಲ್ಲಿ ಅದು ಹೊಳೆಯದೆ ಹೋದದ್ದು ಅವರೊಬ್ಬರಿಗೇ.

ಸಂಜೆ ಬಸ್ ಹತ್ತದೆ ಟಾಸ್ಕರ್ ಮನೆಗೆ ಹೋದರು. ಪರದೆಗಳು ಮುಚ್ಚಿದ್ದವು. ತಾಯಿ ಬಾಗಿಲು ತೆರೆದು ಏಪ್ರನ್ನಿಗೆ ಕೈ ಒರೆಸಿಕೊಂಡಳು.

"ಅಯ್ಯೋ, ನೀವ್ಯಾಕೆ ಬರೋಕೆ ಹೋದ್ರಿ ಮಿಸ್! ಇವಳೇನಾದ್ರೂ ತಂಟೆ ಮಾಡಿದ್ಲಾ?"

"ಇಲ್ಲಮ್ಮ. ತಪ್ಪು ನಂದು."

"ಒಳಗೆ ಬನ್ನಿ, ಮುದುಕನ್ನ ನೋಡಿ. ಹಣೆ ಮುಟ್ಟಿ, ಆಗ ರಾತ್ರಿ ಕನಸಿಗೆ ಬರೋದಿಲ್ಲ."

ಮಿಸ್ ಆ ತಣ್ಣನೆಯ ಹಣೆ ಮುಟ್ಟಿದರು. ಗಣಿಯಲ್ಲಾದ ಹಳೆಯ ಗಾಯದಲ್ಲಿ ಕಲ್ಲಿದ್ದಲ ಪುಡಿ ಚರ್ಮದೊಳಗೇ ಉಳಿದು, ಹುಬ್ಬಿನ ಮೇಲೊಂದು ನೀಲಿ ಗೆರೆಯಿತ್ತು. ಗೋಡೆಯ ಪಕ್ಕ ಕೂತಿದ್ದ ಹೆಂಗಸರು ಮಾತು ನಿಲ್ಲಿಸಿದ್ದರು. ಒಬ್ಬಳು ಪಕ್ಕದವಳಿಗೆ, "ಸುಮ್ನಿರೇ, ಟೀಚರು. ನಿನ್ನನ್ನೂ ತಿದ್ದಿಬಿಟ್ಟಾರು," ಎಂದು ಪಿಸುಗುಟ್ಟಿದಳು. ಅದು ಮಿಸ್‌ಗೂ ಕೇಳಿಸಿತು.

ಎನಿಡ್ ಪೆಟ್ಟಿಗೆಯ ಆಚೆ ನಿಂತಿದ್ದಳು.

"ಎನಿಡ್, ಬೆಳಿಗ್ಗೆ ನೀನು ಹೇಳಿದ್ದನ್ನ ನಾನು ಕೇಳಿಸಿಕೊಳ್ಳಲೇ ಇಲ್ಲ. ಕ್ಷಮಿಸು," ಎಂದರು ಮಿಸ್, ಎಲ್ಲರಿಗೂ ಕೇಳುವಂತೆ. "ತಾತನ ವಿಷಯ ಈಗ ಹೇಳ್ತೀಯಾ?"

ಹುಡುಗಿ ತಾಯಿಯ ಮುಖ ನೋಡಿದಳು, ತುಟಿ ಒದ್ದೆ ಮಾಡಿಕೊಂಡಳು.

"ಹೇಗೆ ಹೇಳ್ಬೇಕು ಮಿಸ್?"

ಕೇಳಿದ್ದರಲ್ಲಿ ಕೊಂಕಿರಲಿಲ್ಲ. ಯಾವ ಮಾತಿನಲ್ಲಿ ಹೇಳಿದರೆ ಸರಿ ಎಂದು ನಿಜಕ್ಕೂ ಗೊತ್ತಿಲ್ಲದೆ ಕೇಳಿದ್ದಳು. ಮಿಸ್ ಆಕ್ರಾಯ್ಡ್ ತಲೆ ತಗ್ಗಿಸಿದರು.